ಮೂಳೆಗುಡ್ಡದ ಮಗ್ಗುಲಲ್ಲಿ ಹಾದ ದಾರಿ

ಐಸ್‌ಲ್ಯಾಂಡ್ ದ್ವೀಪದ ನಡುನಾಡಿನಲ್ಲಿ, ಲಾಂಗ್‌ಯೋಕುಲ್ ಮತ್ತು ಹೋಫ್ಸ್‌ಯೋಕುಲ್ ಎಂಬ ಎರಡು ಹಿಮನದಿಗಳ ನಡುವೆ, ಕ್ಯೋಲುರ್ ಎಂಬ ಪುರಾತನ ಮಾರ್ಗವೊಂದಿದೆ. ಕ್ರಿ.ಶ. 930ರಲ್ಲಿ ಸ್ಥಾಪಿತವಾದ ಅಲ್ಲಿಯ ಮಹಾಸಭೆಗೆ ಉತ್ತರದ ಜನ ಕುದುರೆಯೇರಿ ಹೀಗೇ ಬರುತ್ತಿದ್ದರು. ನಾವು ಬಾಡಿಗೆ ಜೀಪಿನಲ್ಲಿ, ದಕ್ಷಿಣದಿಂದ ಉತ್ತರಕ್ಕೆ ಹೊರಟಿದ್ದೆವು.

ಗುಲ್‌ಫಾಸ್ ಜಲಪಾತವನ್ನು ದಾಟಿ ಕೆಲ ದೂರ ಹೋದೊಡನೆ ಡಾಂಬರು ಮುಗಿಯಿತು. ಆಮೇಲೆ ಜಲ್ಲಿ, ಧೂಳು, ಹಲ್ಲು ಕಟಕಟಿಸುವಂಥ ಅಲೆಅಲೆಯ ದಾರಿ. ನದಿಗಳಿಗೆ ಸೇತುವೆಗಳಿರುವುದೇ ಸಮಾಧಾನ. ಇಕ್ಕೆಲಗಳಲ್ಲೂ ಮರವೆಂಬುದಿಲ್ಲ; ಕಲ್ಲು, ಪಾಚಿ, ಕುರುಚಲು ಗಿಡ, ಆಚೆಗೆ ಬಿಳಿಯ ಹಿಮ.

ಒಂದೆಡೆ ದಾರಿಯ ನಡುವೆಯೇ ದೊಡ್ಡ ಹೊಂಡ. ಪಕ್ಕದ ಪಾಚಿಯ ಮೇಲೆ ಬಳಸಿ ಹೋಗೋಣವೆಂದೆವು. ಚಕ್ರ ಹಿಡಿದಿದ್ದ ಮಿತ್ರರು ಒಪ್ಪಲಿಲ್ಲ. ಈ ಚಳಿನಾಡಿನಲ್ಲಿ ಪಾಚಿ ಬೆಳೆಯುವುದು ಬಹು ನಿಧಾನ. ಒಮ್ಮೆ ಮೂಡಿದ ಗಾಲಿಯ ಗುರುತು ದಶಕಗಳವರೆಗೂ ಮಾಸದು. ದಾರಿ ಬಿಟ್ಟು ವಾಹನ ನಡೆಸುವುದು ಅಲ್ಲಿ ಕಾನೂನಿಗೆ ವಿರುದ್ಧ ಕೂಡ. ಹೊಂಡದಲ್ಲೇ ಇಳಿದು ಹತ್ತಿದೆವು. ನಮ್ಮ ಬೆನ್ನಿಗೆ ಅದು ನೆನಪಿದೆ.

ಕ್ಯಾಲ್‌ಹ್ರೌನ್ ಎಂಬ ಲಾವಾ ಬಯಲು ಕಂಡಾಗ ನಮ್ಮ ಮಾತು ನಿಂತಿತು. ಅದರಲ್ಲೇ ಬೇನಾಹೋಲ್, ಅಂದರೆ ಮೂಳೆಗುಡ್ಡ. ರೇನಿಸ್ಟಾದುರ್ ಎಂಬ ಉತ್ತರದ ಊರಿನ ಮನೆತನದವರ ಕುರಿಗಳು ರೋಗದಿಂದ ನಾಶವಾಗಿದ್ದವು. ತಂದೆ ತನ್ನ ಮಕ್ಕಳನ್ನು ಹೊಸ ಕುರಿಗಳನ್ನು ಕೊಂಡು ತರಲು ದಕ್ಷಿಣಕ್ಕೆ ಕಳುಹಿಸಿದ. 1780ರ ಶರತ್ಕಾಲ ಕಳೆಯುತ್ತ ಬಂದಾಗ ಬ್ಯಾರ್ನಿ, ಹನ್ನೊಂದರ ಹರೆಯದ ತಮ್ಮ ಏನಾರ್ ಮತ್ತು ಇನ್ನೂ ಮೂವರು, ಸುಮಾರು 180 ಕುರಿ, 16 ಕುದುರೆಗಳೊಡನೆ ಮನೆಯತ್ತ ಹೊರಟರು. ಹಿಮಗಾಳಿಗೆ ಸಿಕ್ಕಿದವರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಬಳಿಕ ಬಹುಕಾಲ ಜನ ಈ ದಾರಿಗೆ ಹೆದರಿದರು. ಅಷ್ಟು ಚಿಕ್ಕ ಬಾಲಕನನ್ನು ಆ ಕಾಲದಲ್ಲಿ ಕಳುಹಿಸಿದ ತಂದೆಯನ್ನು ಏನೆನ್ನಬೇಕೋ ನಮಗೆ ತಿಳಿಯಲಿಲ್ಲ. ಕುರಿಯಿಲ್ಲದ ಮನೆಗೆ ಆ ನಾಡಿನಲ್ಲಿ ಚಳಿಗಾಲವೂ ಸಾವೇ ಆಗಿತ್ತು.

ಹ್ವೇರಾವೆಲ್ಲಿರ್‌ನ ಬಿಸಿನೀರಿನ ಬುಗ್ಗೆಗಳ ಬಳಿ ವಿಶ್ರಮಿಸಿದೆವು. ಹದಿನೆಂಟನೆಯ ಶತಮಾನದಲ್ಲಿ ದೇಶಭ್ರಷ್ಟನಾದ ಎಯ್ವಿಂದುರ್ ತನ್ನ ಪತ್ನಿ ಹಲ್ಲಾಳೊಡನೆ ಇಲ್ಲಿ ಅಡಗಿದ್ದು, ಕುದಿವ ಬುಗ್ಗೆಯಲ್ಲಿಯೇ ಮಾಂಸ ಬೇಯಿಸುತ್ತಿದ್ದನಂತೆ. ನಾವು ತಂದ ರೊಟ್ಟಿ ತಣ್ಣಗಾಗಿತ್ತು. ಆದರೂ ಹಸಿವಿಗೆ ರುಚಿಸಿತು.

ಸಂಜೆ ಉತ್ತರದ ಇಳಿಜಾರಿನಲ್ಲಿ ಮೊದಲ ಮನೆ ಕಂಡಿತು. ಅದರ ಹಿಂದಿನ ಹುಲ್ಲಿನಲ್ಲಿ ಕುರಿಗಳು ಮೇಯುತ್ತಿದ್ದವು. ಮಿತ್ರರು ಜೀಪನ್ನು ನಿಲ್ಲಿಸಿದರು. ನಾವು ಇಳಿದು ಅವನ್ನೇ ನೋಡುತ್ತ ನಿಂತೆವು.