ಶೀಟಿನ ಅಗಲ: ಸುರುಳಿಯಲ್ಲಿ ಎಷ್ಟು, ಮಾಡಿನ ಮೇಲೆ ಎಷ್ಟು?

ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ಸಂಘದ ಕಚೇರಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಅಂಗಳಕ್ಕೆ ಶೀಟು ಹಾಕಿಸಬೇಕು, ಯಾವ ಕಂಪೆನಿಯದು ಒಳ್ಳೆಯದು?" ಎಂದು ಸದಸ್ಯರು ಕೇಳುತ್ತಾರೆ. ಎಷ್ಟು ಅಗಲದ ಸುರುಳಿಯಿಂದ ಮಾಡಿದ ಶೀಟು ಎಂದು ನಾನು ತಿರುಗಿ ಕೇಳಿದರೆ, "ಶೀಟ್ ಅಂದ್ರೆ ಶೀಟ್ ಅಲ್ದಾ ಮಾರಾಯ್ರೆ?" ಎಂದು ನಗುತ್ತಾರೆ. ಆರು ವರ್ಷಗಳ ಹಿಂದೆ ನಾನೂ ಹೀಗೆಯೇ ನಕ್ಕವನು. ಆ ನಗುವಿಗೆ ತೆತ್ತ ಬೆಲೆಯನ್ನು ಸದಸ್ಯ ಬಂಧುಗಳ ಮುಂದಿಡುವುದು ಒಳ್ಳೆಯದೆಂದು ಈ ಲೇಖನ.

ಆ ವರ್ಷ ಮನೆಯ ಮುಂದೆ 40 ಅಡಿ ಉದ್ದದ, ಎರಡೂ ಪಕ್ಕಕ್ಕೆ 16 ಅಡಿ ಇಳಿಜಾರಿನ ಒಂದು ಶೆಡ್ಡು ಕಟ್ಟಿಸಿದೆ. ಕೊಡಿ ಹಬ್ಬಕ್ಕೆ ಬಂದ ನೆಂಟರೆಲ್ಲ ನೋಡಿ ಹೊಗಳಿದರು. ಚಾಲಿ ಚೆನ್ನಾಗಿ ಒಣಗಿತು. ಗೋಣಿ ತುಂಬಿ ಅಲ್ಲಿಯೇ ಅಟ್ಟದ ಮೇಲಿಟ್ಟೆ. ಜೂನ್ ತಿಂಗಳ ಮೊದಲ ಗಾಳಿಮಳೆಗೆ ಶೀಟು ಶೀಟಿನ ನಡುವಿನ ಸಂದಿನಲ್ಲಿ ನೀರು ಒಸರತೊಡಗಿತು. ಕೆಲಸದವರು ಸ್ಕ್ರೂ ಸಡಿಲವಾಗಿದೆ ಎಂದು ಪ್ರತಿಯೊಂದು ಸ್ಕ್ರೂವಿಗೂ ಅಂಟು ಬಳಿದರು. ನೀರು ನಿಲ್ಲಲಿಲ್ಲ. ನಾನು ಎಚ್ಚೆತ್ತು ನೋಡುವಾಗ ಏಳು ಗೋಣಿ ಅಡಿಕೆಗೆ ಬೂಷ್ಟು ಹಿಡಿದಿತ್ತು. ಚಾಲಿಯ ದರಕ್ಕೆ ಹೋಗಬೇಕಾದ ಮಾಲು ಕೋಕ, ಕರಿಗೋಟಿನ ದರಕ್ಕೆ ಹೋಯಿತು.

ಕೊನೆಗೆ ಟೇಪು ಹಿಡಿದು ಅಳೆದಾಗ ತಿಳಿದದ್ದು ಇಷ್ಟೇ. ಶೀಟು ಒತ್ತಿದ ಯಂತ್ರ 1,220 ಮಿ.ಮೀ. ಅಗಲದ ಸುರುಳಿಗೆ ಹೊಂದಿಸಿದ್ದು. ಅದಕ್ಕೆ ಹಾಕಿದ್ದು 1,200 ಮಿ.ಮೀ. ಸುರುಳಿ. ಉಬ್ಬುಗಳೆಲ್ಲ ಸರಿಯಾಗಿಯೇ ಬಿದ್ದಿದ್ದವು. ಕಡಿಮೆಯಾದ 20 ಮಿ.ಮೀ. ಮಾತ್ರ ಒಂದು ಅಂಚಿನಲ್ಲಿ, ಅಂದರೆ ಪಕ್ಕದ ಶೀಟಿನ ಕೆಳಗೆ ಕೂರಬೇಕಾದ ಅಂಚಿನಲ್ಲಿ ಇಲ್ಲವಾಗಿತ್ತು. ಮೇಲಿನ ಉಬ್ಬು ಕೆಳಗಿನದರ ಮೇಲೆ ಕೂತಿದೆ, ಆದರೆ ಆಚೆ ಬದಿಗೆ ಇಳಿದು ನೀರು ತಡೆಯುವ ತುಟಿ ಇಲ್ಲ. ಒಂದು ಬೆರಳಿನಷ್ಟು ತಗಡು! ಗಾಳಿಯಿಲ್ಲದ ನೇರ ಮಳೆಗೆ ಅದು ಗೊತ್ತೂ ಆಗುವುದಿಲ್ಲ. ಪಡುವಣ ಕಡಲ ಗಾಳಿ ನೀರನ್ನು ಅಡ್ಡಲಾಗಿ ದೂಡುವ ನಮ್ಮ ಕೋಟೇಶ್ವರದಲ್ಲಿ ಅದೇ ದೊಡ್ಡ ತೂತು.

ಸುರುಳಿ ಶೀಟಾಗುವ ಬಗೆಯನ್ನು ತಿಳಿಯಬೇಕಾದರೆ ಸೀರೆಯ ನೆರಿಗೆಯನ್ನು ನೆನೆಯಿರಿ. ಬಟ್ಟೆ ಎಷ್ಟೇ ಉದ್ದವಿರಲಿ, ನೆರಿಗೆ ಹಿಡಿದ ಮೇಲೆ ಅಗಲ ಕುಗ್ಗುತ್ತದೆ. ಚಪ್ಪಟೆ ತಗಡು ಸಾಲು ಸಾಲು ಉರುಳೆಗಳ ನಡುವೆ ಹಾದು ಬರುವಾಗ ಪ್ರತಿ ಉಬ್ಬೂ ಸ್ವಲ್ಪ ತಗಡನ್ನು ನುಂಗುತ್ತದೆ. 28 ಮಿ.ಮೀ. ಎತ್ತರದ ಉಬ್ಬು, ಅದರ ಎರಡೂ ಬದಿ 20 ಮಿ.ಮೀ. ಓರೆ ಎಂದಿಟ್ಟುಕೊಳ್ಳಿ. ಒಂದು ಉಬ್ಬಿಗೆ ಸುಮಾರು 29 ಮಿ.ಮೀ. ಹೋಯಿತು. ಐದು ಉಬ್ಬಿಗೆ 145. ಹಾಗಾಗಿ 1,220ರ ಸುರುಳಿ ಶೀಟಾದಾಗ ಅಂಚಿನಿಂದ ಅಂಚಿಗೆ 1,075 ಮಿ.ಮೀ. ಆಸುಪಾಸು. ಅದರಲ್ಲಿ ಲ್ಯಾಪಿಗೆ 70ರಿಂದ 75 ಕಳೆದರೆ ಮಾಡಿನ ಮೇಲೆ ನಿಜವಾಗಿ ಮುಚ್ಚುವುದು ಸುಮಾರು 1,000. ಈ ಮೂರು ಅಂಕಿಗಳನ್ನು, ಅಂದರೆ ಸುರುಳಿಯ ಅಗಲ, ಶೀಟಿನ ಅಗಲ, ಮುಚ್ಚುವ ಅಗಲ ಇವನ್ನು, ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು. ಉಬ್ಬು ಎತ್ತರವಾದಷ್ಟೂ ಶೀಟು ಬಿಗಿ, ನೀರು ಹೋಗಲು ಜಾಗವೂ ಹೆಚ್ಚು. ಆದರೆ ಮುಚ್ಚುವ ಅಗಲ ಕಡಿಮೆ. "ನಮ್ಮ ಶೀಟು ಹೆಚ್ಚು ಅಗಲ ಬರುತ್ತದೆ" ಎಂದು ಯಾರಾದರೂ ಹೇಳಿದರೆ ಮೊದಲು ಉಬ್ಬಿನ ಎತ್ತರ ನೋಡಿ.

ನಮ್ಮ ಹಿರಿಯರಿಗೆ ಈ ಲೆಕ್ಕದ ಗೊಡವೆ ಇರಲಿಲ್ಲ. ಸೋಗೆಯ ಮಾಡು ವರ್ಷಕ್ಕೊಮ್ಮೆ ಹೊದೆಸಿದರಾಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಕರಾವಳಿಗೆಲ್ಲ ಹಬ್ಬಿತು. ಅದರಲ್ಲೂ ಒಂದು ಹಂಚು ಸರಿಯಿಲ್ಲದಿದ್ದರೆ ತೆಗೆದು ಇನ್ನೊಂದಿಟ್ಟರೆ ಮುಗಿಯಿತು. ಲಂಡನ್ನಿನ ಪಾಮರ್ ಎಂಬ ಎಂಜಿನಿಯರನು ಮಡಿಕೆ ತಗಡಿಗೆ ಪೇಟೆಂಟು ಪಡೆದದ್ದು 1829ರಲ್ಲಿ. ತಗಡಿನ ಗುಣವೂ ದೋಷವೂ ಒಂದೇ: ಅದು ಉದ್ದ. ತಪ್ಪಾದರೆ 16 ಅಡಿಯೂ ತಪ್ಪು.

ಸುರುಳಿಗಳಲ್ಲಿ ನಮಗೆ ಹೆಚ್ಚಾಗಿ ಸಿಗುವುದು 1,220 ಮತ್ತು 914. ಹಳೆಯ ಲೆಕ್ಕದ ನಾಲ್ಕು ಅಡಿ, ಮೂರು ಅಡಿ. 914ರ ಸುರುಳಿಯಲ್ಲಿ ಅದೇ ತರಹದ ನಾಲ್ಕು ಉಬ್ಬು ಒತ್ತಿದರೆ ಶೀಟು 800, ಮುಚ್ಚುವುದು 730 ಆಸುಪಾಸು. ನನ್ನ 40 ಅಡಿಗೆ (12.19 ಮೀಟರ್) ಒಂದು ಪಕ್ಕಕ್ಕೆ ಇದು 17 ಬೇಕು, ಅಂದರೆ 16 ಲ್ಯಾಪು. ಅಗಲದ್ದಾದರೆ 13 ಶೀಟು, 12 ಲ್ಯಾಪು. ತಗಡಿನ ಉಳಿತಾಯ ಹೆಚ್ಚೇನಲ್ಲ. ಆದರೆ ಸೋರುವುದೂ ಉಪ್ಪು ಗಾಳಿಯ ಧೂಳು ಕೂತು ತುಕ್ಕು ಮೊದಲಾಗುವುದೂ ಲ್ಯಾಪಿನಲ್ಲೇ ಆದ್ದರಿಂದ, ದೊಡ್ಡ ಶೆಡ್ಡಿಗೆ ನನ್ನ ಮತ 1,220ಕ್ಕೆ. ಪಂಪಿನ ಮನೆ, ಚಿಕ್ಕ ಹಟ್ಟಿ, ತೋಟದ ಸಂಕ ದಾಟಿ ಹೊರಬೇಕಾದ ಜಾಗ ಇವುಗಳಿಗೆ ಮೂರು ಅಡಿಯದೇ ವಾಸಿ. ಗಾಳಿ ಬೀಸುವಾಗ ಅಗಲದ ಶೀಟು ಹೊತ್ತು ಸಂಕದ ಮೇಲೆ ನಡೆದವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಕಂಬ ನಿಲ್ಲಿಸುವ ಮೊದಲೇ ಶೀಟು ನಿಶ್ಚಯಿಸಿ. ಅಗಲದ ಶೀಟು ಹನ್ನೆರಡು ಜೋಡಿಸಿದರೆ 12.07 ಮೀಟರ್ ಆಗುತ್ತದೆ. 40 ಅಡಿಗೆ ಐದು ಅಂಗುಲ ಸಾಲದು. ಆ ಐದು ಅಂಗುಲಕ್ಕೆ ಪಕ್ಕಕ್ಕೊಂದರಂತೆ ಎರಡು ಶೀಟು ಹೆಚ್ಚು ತಂದೆ. 39 ಅಡಿ ಕಟ್ಟಿಸಿದ್ದರೆ ಹನ್ನೆರಡರಲ್ಲೇ ಮುಗಿದು, ಎರಡೂ ತುದಿಗೆ ಮೂರೂವರೆ ಅಂಗುಲ ಚಾಚಿಯೂ ಉಳಿಯುತ್ತಿತ್ತು. ವೆಲ್ಡರ್ ಕೇಳಿದ್ದು 'ಎಷ್ಟು ಅಡಿ' ಎಂದು. ನಾನು ಹೇಳಿದ್ದು ಬಾಯಿಗೆ ಬಂದ ಒಂದು ತುಂಬು ಅಂಕಿ.

ಬಿಲ್ಲಿನ ವಿಷಯವನ್ನೂ ಹೇಳಬೇಕು. ಚದರಡಿಗೆ ಇಷ್ಟು ಎಂದು ದರ ಹೇಳುವಾಗ ಅಗಲವನ್ನು ಮೂರೂವರೆ ಅಡಿ ಹಿಡಿಯುವುದುಂಟು. ಮುಚ್ಚುವುದು 3.28 ಅಡಿ. ನೂರು ಚದರಡಿಗೆ ಹಣ ಕೊಟ್ಟರೆ ಮಳೆ ತಡೆಯುವುದು 94 ಚದರಡಿ. ಇದು ಮೋಸವೆಂದೇನೂ ನಾನು ಹೇಳುವುದಿಲ್ಲ, ಆದರೆ ಎರಡು ಅಂಗಡಿಯ ದರ ಹೋಲಿಸುವಾಗ ಮುಚ್ಚುವ ಅಗಲದ ಮೇಲೆಯೇ ಹೋಲಿಸಬೇಕು.

ಅಗಲ ಸರಿಯಿದ್ದು ದಪ್ಪ ಕೈಕೊಟ್ಟರೂ ಕಷ್ಟ. ಇದಕ್ಕೆ ತಕ್ಕಡಿ ನಮ್ಮಲ್ಲೇ ಇದೆ. ಒಂದು ಚದರ ಮೀಟರ್ ಅಗಲ, ಒಂದು ಮಿ.ಮೀ. ದಪ್ಪದ ಉಕ್ಕು 7.85 ಕಿಲೋ ತೂಗುತ್ತದೆ. 1,220ರ ಸುರುಳಿಯ, 0.45 ಮಿ.ಮೀ. ದಪ್ಪದ, 16 ಅಡಿ ಶೀಟು ಪೂರ್ತಿ ಉಕ್ಕಾಗಿದ್ದರೆ 21 ಕಿಲೋ. ಬಣ್ಣ ಹಾಗೂ ಲೇಪ ಸೇರಿಸಿ ಹೇಳಿದ ದಪ್ಪವಾದರೆ ಎರಡು ಕಿಲೋ ಕಡಿಮೆ ಬರುವುದು ಸಹಜ, ಏಕೆಂದರೆ ಅವು ಉಕ್ಕಿನಷ್ಟು ಭಾರವಲ್ಲ. 16 ಕಿಲೋಗೆ ಇಳಿದಿದ್ದರೆ ಆ ಶೀಟನ್ನು ಗಾಡಿಯಿಂದ ಇಳಿಸಬೇಡಿ.

ಒಣಗಿಸುವ ಶೆಡ್ಡಿಗೆ ನಡುನಡುವೆ ಬೆಳಕಿನ ಶೀಟು ಹಾಕುವವರು ತಗಡಿನ ಒಂದು ತುಂಡನ್ನು ಅಂಗಡಿಗೆ ಒಯ್ದು ಉಬ್ಬಿಗೆ ಉಬ್ಬು ಕೂರಿಸಿ ನೋಡಿಯೇ ತರಬೇಕು. ಬೇರೆ ಯಂತ್ರದ ಅಳತೆಯದಾದರೆ ಎಷ್ಟು ಅಂಟು ಹಾಕಿದರೂ ಸಂದು ಉಳಿಯುತ್ತದೆ. ಶೀಟು ಹಾಸುವುದನ್ನು ಗಾಳಿ ಬರುವ ತುದಿಯಿಂದ ಆರಂಭಿಸಬಾರದು. ಮಳೆಗಾಲದ ಗಾಳಿ ನೈಋತ್ಯದ್ದು. ಮೋಡು ತೆಂಕು ಬಡಗಾಗಿದ್ದರೆ ಬಡಗು ತುದಿಯಿಂದ ಹಾಸುತ್ತ ಬನ್ನಿ. ಲ್ಯಾಪಿನ ಬಾಯಿ ಆಗ ಗಾಳಿಗೆ ಬೆನ್ನು ಹಾಕುತ್ತದೆ. ಮೋಡಿನ ತಗಡಿಗೂ 1,220ರ ಸುರುಳಿಯೇ ಅನುಕೂಲ, ನಡುವೆ ಸೀಳಿದರೆ ಎರಡು ಅಡಿಯ ಎರಡು ಪಟ್ಟಿ, ಚೂರೂ ವ್ಯರ್ಥವಿಲ್ಲ. ಘಟ್ಟದ ಮೇಲಿನ ಕಾಫಿ ಸದಸ್ಯರಿಗೆ ಉಪ್ಪು ಗಾಳಿಯ ಕಾಟವಿಲ್ಲ. ಕಣದ ಮೇಲೆ ಅಕಾಲದ ಮಳೆ ಬಂದಾಗ ಅವರಿಗೂ ಲ್ಯಾಪಿನ ಲೆಕ್ಕ ಇದೇ.

ನನ್ನ ಶೆಡ್ಡು ಏನಾಯಿತೆಂದು ಕೇಳುವವರಿದ್ದಾರೆ. ಪಡುವಣ ಇಳಿಜಾರನ್ನು ಬಿಚ್ಚಿಸಿ, ಒಂದರ ಬದಲು ಎರಡು ಉಬ್ಬು ಲ್ಯಾಪು ಕೊಟ್ಟು ಮತ್ತೆ ಹಾಸಿಸಿದೆ. ಒಂದೊಂದು ಶೀಟು ಮುಚ್ಚುವುದು 750ಕ್ಕೆ ಇಳಿಯಿತು. 13ರ ಜಾಗದಲ್ಲಿ 16 ಬೇಕಾಯಿತು. ಮೂರು ಹೊಸ ಶೀಟಿಗೆ ಹೋದಾಗ ಟೇಪು ಕಿಸೆಯಲ್ಲಿತ್ತು. ಸುರುಳಿ ಬಿಚ್ಚುವ ಮುನ್ನ ಅಗಲ ಅಳೆದೆ, ಬಿಲ್ಲಿನ ಮೇಲೆ ಸುರುಳಿಯ ಅಗಲ, ಮುಚ್ಚುವ ಅಗಲ, ದಪ್ಪ ಮೂರನ್ನೂ ಬರೆಸಿಕೊಂಡೆ. ಅಂಗಡಿಯವರು ಬೇಸರಿಸಲಿಲ್ಲ. ಮೂಡಣ ಇಳಿಜಾರು ಇನ್ನೂ ಹಾಗೆಯೇ ಇದೆ, ದೊಡ್ಡ ಗಾಳಿಗೆ ಒಂದೆರಡು ಕಡೆ ಒಸರುತ್ತದೆ. ಆ ಬದಿಯಲ್ಲಿ ಅಡಿಕೆ ಇಡುವುದಿಲ್ಲ, ಸೌದೆ ಇಡುತ್ತೇನೆ. ಹಳೆಯ ಶೀಟಿನ ಒಂದು ತುಂಡನ್ನೂ ಹೊಸದರ ಒಂದು ತುಂಡನ್ನೂ ಕಚೇರಿಯ ತಕ್ಕಡಿಯ ಪಕ್ಕ ಇಟ್ಟಿದ್ದೇನೆ. ಅಂಗಡಿಗೆ ಹೋಗುವ ಮುಂಚೆ ಬಂದು ಎರಡರ ಅಂಚನ್ನೂ ಬೆರಳಾಡಿಸಿ ನೋಡಿ ಹೋಗಬಹುದು.