ಪರದೆಯ ಮೇಲಿನ ಪೇಟೆ ಧಾರಣೆ

2000ದಲ್ಲಿ ಜರ್ಮನಿಯಲ್ಲಿ ಹೊರಬಂದ ‘ಪ್ಯಾಟ್ರೀಷಿಯನ್ 2’ ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರನು ಮಧ್ಯಯುಗದ ವರ್ತಕ. ಲ್ಯೂಬೆಕ್, ಹ್ಯಾಂಬರ್ಗ್ ಮುಂತಾದ ಬಂದರುಗಳ ನಡುವೆ ಅವನು ಹಡಗಿನಲ್ಲಿ ಧಾನ್ಯ, ಬಿಯರ್, ಮೀನು ಸಾಗಿಸುತ್ತಾನೆ. ಸರಕು ಹೇರಳವಾಗಿರುವಲ್ಲಿ ಕೊಂಡು, ಅಭಾವವಿರುವಲ್ಲಿ ಮಾರುವುದೇ ಲಾಭದ ಮೂಲ. ಆದರೆ ಒಂದೇ ಊರಿನಲ್ಲಿ ಮಾರುತ್ತ ಹೋದಂತೆ ಧಾರಣೆ ಇಳಿಯುತ್ತದೆ. ಆದುದರಿಂದ ಮೊದಲ ಪೀಪಾಯಿಯ ಬೆಲೆಯಿಂದ ಇಡೀ ಸರಕಿನ ಲಾಭ ಲೆಕ್ಕ ಹಾಕಲಾಗದು. ನಾವಿಕರ ಸಂಬಳ, ಹಡಗಿನ ರಿಪೇರಿ ಕಳೆದು ಉಳಿದದ್ದೇ ನಿವ್ವಳ ಲಾಭ. ಜಾಣನು ಸರಕನ್ನು ಹಲವು ಊರುಗಳಿಗೆ ಹಂಚಿ, ಮಿಕ್ಕಿದ್ದನ್ನು ಉಗ್ರಾಣದಲ್ಲಿಡುತ್ತಾನೆ.

ಎಲ್ಲರೂ ಒಂದೇ ವಾರ ಅಡಿಕೆಯನ್ನು ಮಂಡಿಗೆ ತಂದರೆ, ಆವಕ ಹೆಚ್ಚಿ ಧಾರಣೆ ಕುಸಿಯುವುದೂ ಹೀಗೆಯೇ. ಆಟದಲ್ಲಿ ಸೋತವನು ಮೊದಲಿನಿಂದ ಆರಂಭಿಸಬಹುದು. ಸಾಲದ ಕಂತು ಎದುರಿಗಿರುವ ಸಣ್ಣ ಬೆಳೆಗಾರನಿಗೆ ಆ ಅವಕಾಶವಿಲ್ಲ. ಕಂತಿಗೆ ಬೇಕಾದಷ್ಟನ್ನು ಮೊದಲು ಮಾರಿ, ಉಳಿದದ್ದನ್ನು ಚೆನ್ನಾಗಿ ಒಣಗಿಸಿಟ್ಟು ಹಂತಹಂತವಾಗಿ ಮಾರುವುದು ಕ್ಷೇಮ.