ತಾರಸಿಗೆ ನೀರು, ಮನೆಗೆ ಆಯುಷ್ಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ತಾರಸಿ ಹಾಕಿದ ಮರುದಿನವೇ ಮನೆಮಂದಿಯಲ್ಲಿ ಪ್ರಶ್ನೆ ಏಳುತ್ತದೆ: ಇದು ಎಂದಿಗೆ ಒಣಗೀತು? ಗೃಹಪ್ರವೇಶವನ್ನು ಎಂದು ಇಟ್ಟುಕೊಳ್ಳೋಣ?

ಒಣಗಿದರೆ ಗಟ್ಟಿಯಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ವಾಸ್ತವವಾಗಿ ಕಾಂಕ್ರೀಟ್ ನೀರನ್ನು ಉಂಡು ಬಲಗೊಳ್ಳುತ್ತದೆ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಜಲ್ಲಿ, ಮರಳುಗಳನ್ನು ಬಂಧಿಸುತ್ತದೆ. ಆದುದರಿಂದಲೇ ನೀರಿನಲ್ಲಿ ಮುಳುಗಿದ ಸೇತುವೆಯ ಅಡಿಪಾಯವೂ ಗಟ್ಟಿಗೊಳ್ಳುವುದು. ತೇವವು ಬೇಗ ಆರಿದರೆ ಈ ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ. ಮೇಲ್ಮೈ ಬಿರಿಯುತ್ತದೆ, ಮುಂದೆ ಆ ಬಿರುಕಿನಲ್ಲಿ ಇಳಿದ ಮಳೆನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 456 ಸಂಹಿತೆಯ 2000ನೆಯ ಇಸವಿಯ ಆವೃತ್ತಿಯಂತೆ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ ಅಥವಾ ಒಣ ಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ ನೀರುಣಿಸಬೇಕು. ಬೆರಕೆ ಸಿಮೆಂಟಿಗೆ 14 ದಿನ ಉಣಿಸಿದರೆ ಉತ್ತಮ. 7 ದಿನಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಬಲ ಬರುತ್ತದೆ. ಲೆಕ್ಕಕ್ಕೆ ಹಿಡಿಯುವ ಪೂರ್ಣ ಬಲ 28ನೆಯ ದಿನದ್ದು.

ಕೆ.ಜಿ.ಎಫ್., ಬಂಗಾರಪೇಟೆಯ ಸುತ್ತಿನ ಕ್ಯಾಸಂಬಳ್ಳಿಯಂತಹ ಊರುಗಳಲ್ಲಿ ಇಷ್ಟು ನೀರನ್ನು ಹೊಂದಿಸುವುದೇ ಕಷ್ಟ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಬತ್ತಿದರೆ ಆಳದ ಕೊಳವೆಬಾವಿಯೇ ಗತಿ. ಹೀಗಾಗಿ ನೀರಿನ ಖರ್ಚಿಗೆ ಹೆದರಿ ನಾಲ್ಕೇ ದಿನಕ್ಕೆ ಕೈಬಿಡುವವರುಂಟು. ಲೆಕ್ಕ ಹಾಕಿದರೆ ಭಯ ತಗ್ಗುತ್ತದೆ. 30 ಅಡಿಗೆ 40 ಅಡಿಯ ತಾರಸಿಯ ಮೇಲೆ ಗಾರೆಯ ಪಾತಿ ಕಟ್ಟಿ 2 ಅಂಗುಲ ನೀರು ನಿಲ್ಲಿಸಲು ಸುಮಾರು 5,700 ಲೀಟರ್ ಸಾಕು. ಬಳಿಕ ಆರಿದಷ್ಟನ್ನು ಮಾತ್ರ ತುಂಬಬೇಕು. ಬರಿದೆ ಎರಚಿದ ನೀರು ಹರಿದುಹೋಗುತ್ತದೆ. ಪಾತಿಯ ನೀರು ನಿಂತು ಕೆಲಸ ಮಾಡುತ್ತದೆ. ಕಂಬಗಳಿಗೆ ಗೋಣಿಚೀಲ ಸುತ್ತಿ ಸದಾ ಒದ್ದೆಯಾಗಿಡಬೇಕು. ಉಪ್ಪುನೀರು ಸಲ್ಲದು, ಕುಡಿಯಲು ಯೋಗ್ಯವಾದ ನೀರು ಇದಕ್ಕೂ ಯೋಗ್ಯ.

ಸೆಂಟ್ರಿಂಗ್ ಬಿಚ್ಚುವ ಅವಸರವೂ ಬೇಡ. ಸಾಮಾನ್ಯ ಸಿಮೆಂಟಿನ ತಾರಸಿಗೆ, ಗೋಡೆಯಿಂದ ಗೋಡೆಗೆ ಸುಮಾರು 15 ಅಡಿಯೊಳಗಿದ್ದರೆ 7 ದಿನ, ಮೀರಿದರೆ 14 ದಿನ ಊರೆಗಳು ನಿಲ್ಲಬೇಕು. ಬೇರೆ ಸಿಮೆಂಟಾದರೆ ಇಂಜಿನಿಯರರನ್ನು ಕೇಳುವುದು ಲೇಸು.

ಇನ್ನು ಒಣಗುವ ಮಾತು. ನೀರುಣಿಸುವುದು ಮುಗಿದ ಮೇಲೆ, ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಸ್ಥೂಲ ಲೆಕ್ಕ. ಮಳೆಗಾಲದಲ್ಲಿ ಹೆಚ್ಚೇ ಹಿಡಿಯುತ್ತದೆ. ಅದಕ್ಕೆ ಮೊದಲೇ ಬಣ್ಣ ಬಳಿದರೆ ಗುಳ್ಳೆಯೆದ್ದು ಸುಲಿಯುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟು ನೋಡಿರಿ. ಅಡಿಯಲ್ಲಿ ಬೆವರಿದ್ದರೆ ತೇವ ಇನ್ನೂ ಉಳಿದಿದೆ.

ಮುಹೂರ್ತವನ್ನು ಮೊದಲು ಗೊತ್ತುಮಾಡಿ ಮೇಸ್ತ್ರಿಯನ್ನು ಅವಸರಪಡಿಸುವ ಬದಲು, ತಾರಸಿಯ ದಿನಗಳನ್ನು ಎಣಿಸಿ ಮುಹೂರ್ತ ಇಟ್ಟುಕೊಳ್ಳುವುದು ವಿವೇಕ. ಜೀವಮಾನದ ದುಡಿಮೆಯನ್ನು ಸುರಿದು ಕಟ್ಟುವ ಮನೆಗೆ ಇನ್ನೆರಡು ವಾರದ ನೀರು ದುಬಾರಿಯಲ್ಲ. ಮನೆ ಕಟ್ಟುತ್ತಿರುವ ಬಂಧುಗಳು ಇದನ್ನು ಗಮನಿಸಲೆಂದು ನಮ್ಮ ಕೋರಿಕೆ.